ಒಂದಕ್ಷರದ ಅನ್ಯಾಯ

1970ರಲ್ಲಿ ಪ್ಯಾರಿಸ್ ನಗರದ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. ಪಿಯಾನೋಗೆಂದು ಬರೆದ ನಾಲ್ಕು ಭಾಗಗಳ ಒಂದು ಸೊನಾಟಾದ ಸ್ವರಲಿಪಿ ಅದು. ‘ಈಸ್ಟರ್ ಸೊನಾಟಾ’ ಎಂದು ಅದರ ಹೆಸರು. ಬರೆದವರ ಹೆಸರಿನ ಜಾಗದಲ್ಲಿ ‘ಎಫ್. ಮೆಂಡೆಲ್ಸನ್’ ಎಂದಿತ್ತು. ಅಷ್ಟೇ ಸಾಕಾಯಿತು. ಜರ್ಮನಿಯ ಮಹಾನ್ ಸಂಗೀತ ರಚನಕಾರ ಫೆಲಿಕ್ಸ್ ಮೆಂಡೆಲ್ಸನ್‌ನ ಕಳೆದುಹೋಗಿದ್ದ ಕೃತಿಯೊಂದು ದೊರೆಯಿತು ಎಂದು ತೀರ್ಮಾನವಾಯಿತು. 1972ರಲ್ಲಿ ಫ್ರಾನ್ಸಿನ ಪಿಯಾನೋವಾದಕ ಎರಿಕ್ ಹೈಡ್ಸಿಕ್ ಅದನ್ನು ನುಡಿಸಿದ ಧ್ವನಿಮುದ್ರಿಕೆ ಹೊರಬಂತು. ಅದರ ಮೇಲೆಯೂ ಫೆಲಿಕ್ಸನ ಹೆಸರೇ ಇತ್ತು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮೆಂಡೆಲ್ಸನ್ ಮನೆಯಲ್ಲಿ ‘ಎಫ್’ ಅಕ್ಷರದ ಹೆಸರಿನವರು ಒಬ್ಬರಲ್ಲ, ಇಬ್ಬರಿದ್ದರು. 1809ರಲ್ಲಿ ಹುಟ್ಟಿದ ಫೆಲಿಕ್ಸ್ ಒಬ್ಬ. 1805ರ ನವೆಂಬರ್ 14ರಂದು ಹ್ಯಾಂಬರ್ಗಿನಲ್ಲಿ ಹುಟ್ಟಿದ ಅವನ ಅಕ್ಕ ಫ್ಯಾನಿ ಇನ್ನೊಬ್ಬಳು. ಇಬ್ಬರೂ ಬರ್ಲಿನ್ನಿನ ಒಂದೇ ಮನೆಯಲ್ಲಿ ಬೆಳೆದವರು, ಕಾರ್ಲ್ ಝೆಲ್ಟರ್ ಎಂಬ ಒಬ್ಬನೇ ಗುರುವಿನ ಬಳಿ ರಚನೆ ಕಲಿತವರು. ಇಬ್ಬರೂ ಪಿಯಾನೋಗೆ ಬರೆದವರು. ಫ್ಯಾನಿ 1829ರ ಏಪ್ರಿಲ್ ತಿಂಗಳ ತನ್ನ ದಿನಚರಿಯಲ್ಲಿ ‘ನನ್ನ ಈಸ್ಟರ್ ಸೊನಾಟಾ’ ಎಂದು ಬರೆದುಕೊಂಡಿದ್ದಳು. ಇಷ್ಟೆಲ್ಲ ಇದ್ದೂ ‘ಎಫ್’ ಎಂದರೆ ತಮ್ಮನೇ ಎಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ಅಕ್ಕನೂ ಇರಬಹುದಲ್ಲ ಎಂದು ಊಹಿಸುವುದೇ ಕಷ್ಟವಾಯಿತು.

2010ರಲ್ಲಿ ಏಂಜೆಲಾ ಮೇಸ್ ಎಂಬ ಸಂಶೋಧಕಿ ಪ್ಯಾರಿಸ್ಸಿಗೆ ಹೋಗಿ ಆ ಹಸ್ತಪ್ರತಿಯನ್ನು ಕಣ್ಣಾರೆ ನೋಡಿದರು. ಅವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ಮಾಡುತ್ತಿದ್ದವರು. ಕೈಬರಹ ಫ್ಯಾನಿಯದಾಗಿತ್ತು. ಬರ್ಲಿನ್ನಿನಲ್ಲಿರುವ ಫ್ಯಾನಿಯ ಹಸ್ತಪ್ರತಿ ಸಂಪುಟವೊಂದರಲ್ಲಿ ಕೆಲವು ಹಾಳೆಗಳು ಕಾಣೆಯಾಗಿದ್ದವು. ಪ್ಯಾರಿಸ್ಸಿನ ಹಾಳೆಗಳ ಪುಟಸಂಖ್ಯೆ ಆ ಖಾಲಿ ಜಾಗಕ್ಕೆ ಸರಿಯಾಗಿ ಹೊಂದಿತು. 2012ರ ಸೆಪ್ಟೆಂಬರ್ 7ರಂದು ಆಂಡ್ರಿಯಾ ಲ್ಯಾಮ್ ಎಂಬ ಕಲಾವಿದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಆ ಕೃತಿಯನ್ನು ಮೊದಲ ಬಾರಿಗೆ ಫ್ಯಾನಿಯ ಹೆಸರಿನಲ್ಲಿ ನುಡಿಸಿದರು. 2017ರ ಮಾರ್ಚ್ 8ರಂದು, ಮಹಿಳಾ ದಿನದಂದು, ಲಂಡನ್ನಿನಲ್ಲಿ ಸೋಫಿಯಾ ಗುಲ್ಯಾಕ್ ನುಡಿಸಿದ್ದನ್ನು ಬಿಬಿಸಿ ರೇಡಿಯೋ ಪ್ರಸಾರ ಮಾಡಿತು. ಕೃತಿ ರಚನೆಯಾದದ್ದು 1828ರಲ್ಲಿ. ಅಂದರೆ ಒಂದು ಅಕ್ಷರದ ಲೆಕ್ಕ ಸರಿಯಾಗಲು 184 ವರ್ಷ ಬೇಕಾಯಿತು.

ನಾವು ಪಿಯಾನೋ ಕೇಳುತ್ತಾ ಬೆಳೆದವರಲ್ಲ. ಸ್ವರಲಿಪಿ ಓದಲು ನಮಗೆ ಬರುವುದಿಲ್ಲ. ಹಾಗಾಗಿ ಪಂಡಿತರಂತೆ ಮಾತನಾಡುವ ಹಕ್ಕು ನಮಗಿಲ್ಲ. ಆದರೆ ಕಿವಿ ಎಲ್ಲರಿಗೂ ಇದೆ. ಸುಮಾರು ಇಪ್ಪತ್ತು ನಿಮಿಷದ ಈ ಕೃತಿಯನ್ನು ಹಲವು ಸಲ ಕೇಳಿದ ಮೇಲೆ ನಮಗೆ ಅನಿಸಿದ್ದನ್ನು ಹೇಳಬಹುದು. ಮೊದಲ ಭಾಗ ಅವಸರವಿಲ್ಲದೆ, ಬೆಳಗಿನ ಬೆಳಕಿನಂತೆ ತೆರೆದುಕೊಳ್ಳುತ್ತದೆ. ಎರಡನೆಯ ಭಾಗ ಗಂಭೀರ. ಅದರಲ್ಲಿ ಒಂದೇ ಎಳೆಯನ್ನು ಒಂದು ದನಿ ಹಿಡಿಯುತ್ತದೆ, ಅದು ಮುಂದೆ ಸಾಗುತ್ತಿರುವಾಗಲೇ ಇನ್ನೊಂದು ದನಿ ಅದೇ ಎಳೆಯನ್ನು ಹಿಡಿದು ಬೆನ್ನಟ್ಟುತ್ತದೆ. ಇದಕ್ಕೆ ಅವರು ಫ್ಯೂಗ್ ಎನ್ನುತ್ತಾರೆ. ಬಾಖ್‌ನಿಂದ ಬಂದ ಕಠಿಣ ವಿದ್ಯೆ ಅದು. ಮೂರನೆಯದು ಹಗುರವಾದ ನಡಿಗೆ. ಕೊನೆಯ ಭಾಗದಲ್ಲಿ ಬಿರುಗಾಳಿ ಏಳುತ್ತದೆ. ಪಿಯಾನೋದ ಕೆಳಗಿನ ಸ್ವರಗಳು ಗಡಗಡ ನಡುಗುತ್ತವೆ. ಶಿಲುಬೆಯ ಹೊತ್ತಿನಲ್ಲಿ ಭೂಮಿ ಕಂಪಿಸಿತೆಂಬ ಕ್ರೈಸ್ತರ ಕಥನವನ್ನು ಕೇಳುಗರು ಅಲ್ಲಿ ಗುರುತಿಸುತ್ತಾರೆ. ಆಮೇಲೆ ಆ ಗದ್ದಲದ ನಡುವಿನಿಂದ, ದೇವರ ಕುರಿಮರಿಯನ್ನು ಕುರಿತ ಹಳೆಯ ಜರ್ಮನ್ ಪ್ರಾರ್ಥನಾಗೀತೆಯೊಂದರ ಧಾಟಿ ಮೆಲ್ಲನೆ ಮೇಲೇಳುತ್ತದೆ. ಇದನ್ನು ಬರೆದಾಗ ಫ್ಯಾನಿಗೆ 22 ವರ್ಷ.

ಅದೇ 1828ರ ನವೆಂಬರಿನಲ್ಲಿ ಆಕೆಯ 23ನೆಯ ಹುಟ್ಟುಹಬ್ಬ. ತಂದೆ ಅಬ್ರಹಾಂ ಮಗಳಿಗೆ ಪತ್ರ ಬರೆದ. ಇಂಥ ಸೊನಾಟಾ ಬರೆದ ಮಗಳಿಗೆ ತಂದೆ ಏನು ಬರೆಯಬೇಕಿತ್ತು? ಅವನು ಬರೆದದ್ದರ ಸಾರಾಂಶ ಇಷ್ಟು: ನೀನಿನ್ನು ನಿನ್ನ ನಿಜವಾದ ಕೆಲಸಕ್ಕೆ ಗಂಭೀರವಾಗಿ ಸಿದ್ಧಳಾಗಬೇಕು, ಹೆಣ್ಣಿಗಿರುವ ಕೆಲಸ ಒಂದೇ, ಅದು ಗೃಹಿಣಿಯ ಕೆಲಸ.

ಇದು ಆ ತಂದೆಯ ಮೊದಲ ಪತ್ರವೂ ಅಲ್ಲ. 1820ರಲ್ಲಿ, ಫ್ಯಾನಿಗೆ 14 ವರ್ಷವಿದ್ದಾಗ, ಫೆಲಿಕ್ಸನಿಗೆ ಸಂಗೀತ ವೃತ್ತಿಯಾಗಬಹುದು, ನಿನಗೆ ಮಾತ್ರ ಅದು ಎಂದೆಂದಿಗೂ ಅಲಂಕಾರವಾಗಿಯೇ ಇರಬೇಕು ಎಂಬ ಅರ್ಥದ ಮಾತನ್ನು ಅವನು ಬರೆದಿದ್ದ. ಈ ಅಪ್ಪ ಕಟುಕನಲ್ಲ. ಮಗಳಿಗೆ ಬರ್ಲಿನ್ನಿನ ಅತ್ಯುತ್ತಮ ಶಿಕ್ಷಕರನ್ನು ನೇಮಿಸಿದವನು. 13ರ ವಯಸ್ಸಿಗೇ ಬಾಖ್‌ನ 24 ಪ್ರೆಲ್ಯೂಡ್‌ಗಳನ್ನು ಒಂದನ್ನೂ ಬಿಡದೆ ಬಾಯಿಪಾಠವಾಗಿ ನುಡಿಸಿದ ಮಗಳ ಪ್ರತಿಭೆ ಏನೆಂದು ಬಲ್ಲವನು. ಅರಿಯದೆ ಮಾಡಿದ ತಪ್ಪಾಗಿದ್ದರೆ ನಾವು ಕ್ಷಮಿಸಬಹುದಿತ್ತು. ಅರಿತೇ ಹಾಕಿದ ಗೆರೆ ಇದು.

ಉರ್ದುವಿನಲ್ಲಿ ‘ಪೇಶಾ’ ಎಂಬ ಮಾತಿದೆ, ‘ಶೌಕ್’ ಎಂಬ ಮಾತಿದೆ. ಒಂದು ವೃತ್ತಿ, ಇನ್ನೊಂದು ಒಲವಿನ ಹವ್ಯಾಸ. ಶೌಕ್ ಕನ್ನಡಕ್ಕೆ ಬಂದು ‘ಶೋಕಿ’ಯಾಗಿ ಮೈಮೇಲಿನ ಬೆಡಗಿನ ಅರ್ಥ ಪಡೆಯಿತು. ಅಬ್ರಹಾಂ ಮೆಂಡೆಲ್ಸನ್ ಮಗನಿಗೆ ಪೇಶಾ ಕೊಟ್ಟ, ಮಗಳಿಗೆ ಶೋಕಿ ಕೊಟ್ಟ. ಒಂದೇ ವಿದ್ಯೆ, ಒಂದೇ ಗುರು, ಒಂದೇ ಪಿಯಾನೋ. ಗಂಡುಮಗುವಿನ ಕೈಯಲ್ಲಿ ಅದು ಜೀವನ. ಹೆಣ್ಣುಮಗುವಿನ ಕೈಯಲ್ಲಿ ಬಳೆ.

ಈ ವಿಷಯ ತೆಗೆದಾಗಲೆಲ್ಲ ನಾಲ್ಕು ಸಮಾಧಾನಗಳು ನಮ್ಮೆದುರು ಬರುತ್ತವೆ. ಒಂದೊಂದನ್ನೂ ತೂಗಿ ನೋಡೋಣ.

ಮೊದಲನೆಯದು: ‘ಆ ಕಾಲವೇ ಹಾಗಿತ್ತು, ಇಂದಿನ ಕನ್ನಡಕ ಹಾಕಿಕೊಂಡು ಅಂದಿನದನ್ನು ನೋಡಬಾರದು.’ ಕೇಳಲು ನ್ಯಾಯವಾದ ಮಾತು. ಆದರೆ ಆ ಕಾಲ ನಿಜವಾಗಿ ಹೇಗಿತ್ತು? ಅದೇ ಕಾಲದ ಪ್ಯಾರಿಸ್ಸಿನಲ್ಲಿ ಲೂಯಿಸ್ ಫಾರೆಂಕ್ ಎಂಬ ಹೆಂಗಸು ತನ್ನ ಹೆಸರಿನಲ್ಲಿ ಕೃತಿಗಳನ್ನು ಪ್ರಕಟಿಸುತ್ತಿದ್ದಳು. 1842ರಿಂದ ಆಕೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪಿಯಾನೋ ಪ್ರಾಧ್ಯಾಪಕಿ. ಗಂಡಸರಿಗೆ ಕೊಡುವ ಸಂಬಳವನ್ನೇ ತನಗೂ ಕೊಡಬೇಕೆಂದು ಪಟ್ಟು ಹಿಡಿದು, ತನ್ನ ‘ನೊನೆಟ್’ ಕೃತಿಯ ಯಶಸ್ಸಿನ ನಂತರ ಅದನ್ನು ಪಡೆದೂಬಿಟ್ಟಳು. ಜರ್ಮನಿಯಲ್ಲಿಯೇ ಕ್ಲಾರಾ ವೀಕ್, ಮುಂದೆ ಕ್ಲಾರಾ ಶೂಮನ್ ಆದವಳು, ಬಾಲ್ಯದಿಂದಲೇ ಊರೂರು ಸುತ್ತಿ ಪಿಯಾನೋ ನುಡಿಸಿ ದುಡಿಯುತ್ತಿದ್ದಳು, ತನ್ನ ರಚನೆಗಳನ್ನು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸುತ್ತಿದ್ದಳು. ಅದೇ ಕ್ಲಾರಾ 1839ರಲ್ಲಿ, ಹೆಣ್ಣಾದವಳು ರಚನೆಯ ಆಸೆ ಇಟ್ಟುಕೊಳ್ಳಬಾರದು ಎಂಬರ್ಥದಲ್ಲಿ ದಿನಚರಿಯಲ್ಲಿ ಬರೆದುಕೊಂಡಳೆಂಬುದೂ ನಿಜ. ಆ ಕಾಲ ಹೆಣ್ಣಿಗೆ ಒಳ್ಳೆಯದಾಗಿತ್ತೆಂದು ನಾವು ಹೇಳುತ್ತಿಲ್ಲ. ಬಾಗಿಲು ಕಿರಿದಾಗಿತ್ತು, ಆದರೆ ಪೂರ್ತಿ ಮುಚ್ಚಿರಲಿಲ್ಲ ಎನ್ನುತ್ತಿದ್ದೇವೆ.

ಹಾಗಾದರೆ ಕ್ಲಾರಾಗೆ ಸಾಧ್ಯವಾದದ್ದು ಫ್ಯಾನಿಗೆ ಏಕೆ ಆಗಲಿಲ್ಲ? ಕ್ಲಾರಾಳ ತಂದೆ ಸಂಗೀತ ಕಲಿಸಿ ಬದುಕುತ್ತಿದ್ದವನು. ಮಗಳ ಸಂಪಾದನೆ ಆ ಮನೆಗೆ ಬೇಕಾಗಿತ್ತು. ಫ್ಯಾನಿಯ ತಂದೆ ಬ್ಯಾಂಕಿನ ಧಣಿ. ಮಗಳು ಟಿಕೆಟ್ ಮಾರಿ ನುಡಿಸಿದರೆ ಖಾನದಾನಿನ ಮರ್ಯಾದೆ ಏನಾಗಬೇಕು? ಬಡವರ ಮನೆಯ ಹೆಣ್ಣಿಗೆ ದುಡಿಮೆ ಕಡ್ಡಾಯವಾದರೆ ಸಿರಿವಂತರ ಮನೆಯ ಹೆಣ್ಣಿಗೆ ದುಡಿಮೆ ನಿಷಿದ್ಧ. ಎರಡೂ ಕಡೆ ತೀರ್ಮಾನ ಆಕೆಯದಲ್ಲ. ಹಾಗಾಗಿ ಫ್ಯಾನಿ ಬದುಕಿನುದ್ದಕ್ಕೂ ಸಾರ್ವಜನಿಕ ವೇದಿಕೆ ಹತ್ತಿದ್ದು ಬಹಳ ಅಪರೂಪ. 1838ರಲ್ಲಿ ಧರ್ಮಾರ್ಥದ ಕಾರ್ಯಕ್ರಮವೊಂದರಲ್ಲಿ ಆಕೆ ನುಡಿಸಿದಳು. ಅಲ್ಲಿ ನುಡಿಸಿದ್ದು ತನ್ನ ಕೃತಿಯನ್ನಲ್ಲ, ತಮ್ಮನ ಕನ್ಸರ್ಟೋವನ್ನು. ಕಾಲವನ್ನು ದೂರುವವರು ಮನೆತನವನ್ನು ಬಚ್ಚಿಡುತ್ತಾರೆ. ಕಾಲಕ್ಕೆ ವಿಳಾಸವಿಲ್ಲ, ಮನೆತನಕ್ಕೆ ಇದೆ. ಬರ್ಲಿನ್ನಿನ ಲೈಪ್‌ಜಿಗ್ ಬೀದಿ, ಮನೆ ಸಂಖ್ಯೆ 3.

ಎರಡನೆಯ ಸಮಾಧಾನ: ‘ತಮ್ಮ ಒಳ್ಳೆಯವನು, ಅಕ್ಕನನ್ನು ಪ್ರೀತಿಸುತ್ತಿದ್ದ, ಅವನನ್ನು ಖಳನಾಯಕ ಮಾಡಬೇಡಿ.’ ನಾವು ಮಾಡುವುದಿಲ್ಲ. ಅವನು ಪ್ರೀತಿಸುತ್ತಿದ್ದನೆಂಬುದಕ್ಕೆ ನೂರಾರು ಪತ್ರಗಳಿವೆ. ತನ್ನ ರಚನೆಗಳನ್ನು ಅಕ್ಕನಿಗೆ ತೋರಿಸಿ ತಿದ್ದಿಸಿಕೊಳ್ಳುತ್ತಿದ್ದ. 1847ರಲ್ಲಿ ಅಕ್ಕ ಸತ್ತ ಮೇಲೆ ಅವಳ ಶೋಕದಲ್ಲಿ ಅವನು ಬರೆದ ತಂತಿವಾದ್ಯಗಳ ಚತುರ್ವಾದ್ಯ ಇಂದಿಗೂ ಕೇಳುವವರ ಎದೆ ಹಿಂಡುತ್ತದೆ. ಆರು ತಿಂಗಳಲ್ಲಿ ಅವನೂ ಹೋದ. ಅಕ್ಕನ ಕೆಲವು ಕೃತಿಗಳ ಪ್ರಕಟಣೆಗೆ ಸಾಯುವ ಮೊದಲು ಏರ್ಪಾಡನ್ನೂ ಮಾಡಿದ್ದ.

ಆದರೆ ಪ್ರೀತಿ ಮತ್ತು ಇನ್ಸಾಫ್ ಒಂದೇ ಅಲ್ಲ. 1827 ಮತ್ತು 1830ರಲ್ಲಿ ಫೆಲಿಕ್ಸ್ ತನ್ನ ಹೆಸರಿನಲ್ಲಿ ಎರಡು ಹಾಡಿನ ಸಂಕಲನಗಳನ್ನು ಪ್ರಕಟಿಸಿದ. ಎರಡರಲ್ಲೂ ಮೂರು ಮೂರು ಹಾಡುಗಳು ಫ್ಯಾನಿಯವು. ಮುಖಪುಟದಲ್ಲಿ ಆಕೆಯ ಹೆಸರಿಲ್ಲ. 1842ರಲ್ಲಿ ಅವನು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಗೆ ಹೋದಾಗ ವಿಕ್ಟೋರಿಯಾ ರಾಣಿಯವರು ಅವನ ಸಂಕಲನದಿಂದ ತಮಗೆ ಇಷ್ಟವಾದ ಹಾಡೊಂದನ್ನು ಆರಿಸಿ ಹಾಡಿದರು. ಅದು ‘ಇಟಲಿ’ ಎಂಬ ಹಾಡು. ಅದನ್ನು ಬರೆದವಳು ಫ್ಯಾನಿ. ಹಾಗೆಂದು ಒಪ್ಪಿಕೊಳ್ಳುವುದು ತನಗೆ ಬಹಳ ಕಷ್ಟವಾಯಿತೆಂದು ಅವನೇ ತಾಯಿಗೆ ಬರೆದಿದ್ದಾನೆ. ಒಪ್ಪಿಕೊಂಡ, ನಿಜ. ಆದರೆ ರಾಣಿಯ ಎದುರು ಒಪ್ಪಿಕೊಂಡದ್ದನ್ನು ಪುಸ್ತಕದ ಮುಖಪುಟದಲ್ಲಿ ಒಪ್ಪಿಕೊಂಡನೇ? ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡದ ಕಚೇರಿಗಳಲ್ಲಿ ಅದೇ ಮಾತಿಗೆ ಕೆಲಸದಿಂದ ತಡೆಹಿಡಿಯುವುದು ಎಂಬ ಅರ್ಥ. ಅಕ್ಕ ಹಾಡುಗಳನ್ನು ಉರ್ದುವಿನ ಅರ್ಥದಲ್ಲಿ ಅಮಾನತ್ ಇಟ್ಟಳು. ತಮ್ಮ ಕನ್ನಡದ ಅರ್ಥದಲ್ಲಿ ಅಮಾನತ್ತಿನಲ್ಲಿಟ್ಟ.

1837ರಲ್ಲಿ ತಾಯಿ ಲೇಯಾ, ಫ್ಯಾನಿ ತನ್ನ ಕೃತಿಗಳನ್ನು ಪ್ರಕಟಿಸುವಂತೆ ನೀನು ಹುರಿದುಂಬಿಸು ಎಂದು ಮಗನನ್ನು ಕೇಳಿಕೊಂಡಳು. ಫೆಲಿಕ್ಸ್ ಒಪ್ಪಲಿಲ್ಲ. ಆಕೆಗೆ ಗ್ರಂಥಕರ್ತೆಯಾಗುವ ಒಲವೂ ಇಲ್ಲ, ಕರೆಯೂ ಇಲ್ಲ, ಮನೆ ನೋಡಿಕೊಳ್ಳುತ್ತಾಳೆ, ಅದೇ ಆಕೆಗೆ ಮೊದಲು ಎಂಬುದು ಅವನ ಉತ್ತರ. ಆಕೆಯ ಗಂಡ, ಚಿತ್ರಕಾರ ವಿಲ್ಹೆಲ್ಮ್ ಹೆನ್ಸೆಲ್, ಹಾಗಿರಲಿಲ್ಲ. ಬರೆ ಎನ್ನುತ್ತಿದ್ದ, ಬರೆದದ್ದನ್ನು ಪ್ರಕಟಿಸು ಎನ್ನುತ್ತಿದ್ದ. 1829ರಲ್ಲಿ ಅವರ ಮದುವೆಗೆ ತಮ್ಮನಿಂದ ಬರಬೇಕಿದ್ದ ಸಂಗೀತ ಬರದೇ ಹೋದಾಗ, ತನ್ನ ಮದುವೆಯ ಆರ್ಗನ್ ಸಂಗೀತವನ್ನು ವಧುವೇ ಕುಳಿತು ಬರೆದುಕೊಂಡವಳು ಫ್ಯಾನಿ. ಅಂಥವಳಿಗೆ ಕರೆ ಇರಲಿಲ್ಲವೇ?

1846ರ ಜುಲೈನಲ್ಲಿ, ಕೊನೆಗೂ ತನ್ನ ಕೃತಿಗಳನ್ನು ಪ್ರಕಟಿಸಲು ನಿರ್ಧರಿಸಿ ಆಕೆ ತಮ್ಮನಿಗೆ ಪತ್ರ ಬರೆದಳು. ಹದಿನಾಲ್ಕರಲ್ಲಿ ಅಪ್ಪನಿಗೆ ಹೆದರುತ್ತಿದ್ದಂತೆ ನಲವತ್ತರಲ್ಲಿ ತಮ್ಮಂದಿರಿಗೆ ಹೆದರುತ್ತಿದ್ದೇನೆ ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಓದುಗರೇ, ಎಲ್ಲ ಮನೆಗಳಲ್ಲೂ ಅಕ್ಕ ಎಂದರೆ ತಾಯಿಯ ಸ್ಥಾನದವಳು. ತಮ್ಮನಿಗೆ ಹೆದರುವ ಅಕ್ಕನನ್ನು ಎಂಥ ಪ್ರೀತಿ ಸೃಷ್ಟಿಸಿತು? ತಮ್ಮ ಸುಮಾರು ಒಂದು ತಿಂಗಳ ನಂತರ ಉತ್ತರ ಬರೆದ. ತನ್ನ ವೃತ್ತಿಬಂಧುವಾಗಿ ಆಕೆಯನ್ನು ಆಶೀರ್ವದಿಸಿದ. ಆ ಆಶೀರ್ವಾದ ಬಂದಾಗ ಆಕೆಯ ಬದುಕಿನಲ್ಲಿ ಉಳಿದಿದ್ದದ್ದು ಒಂಬತ್ತು ತಿಂಗಳು. 1847ರ ಮೇ 14ರಂದು, ಮನೆಯ ಭಾನುವಾರದ ಕಛೇರಿಗಾಗಿ ತಮ್ಮನ ಕೃತಿಯೊಂದರ ತಾಲೀಮು ನಡೆಸುತ್ತಿದ್ದಾಗ ಪಿಯಾನೋ ಮೇಲಿನ ಕೈಗಳು ಮರಗಟ್ಟಿದವು. ಅದೇ ರಾತ್ರಿ ತೀರಿಕೊಂಡಳು. ವಯಸ್ಸು 41.

ಒಳ್ಳೆಯವನ ಕೈಯಲ್ಲಿ ನಡೆದ ಅನ್ಯಾಯ ಅನ್ಯಾಯವಲ್ಲವೆಂದಾದರೆ ಲೋಕದಲ್ಲಿ ಅನ್ಯಾಯವೇ ಇಲ್ಲ. ಏಕೆಂದರೆ ಹೆಣ್ಣಿನ ಪಾಲಿನ ಬಹುತೇಕ ‘ಇಲ್ಲ’ಗಳನ್ನು ಹೇಳಿದವರು ಆಕೆಯನ್ನು ಪ್ರೀತಿಸಿದವರೇ.

ಮೂರನೆಯ ಸಮಾಧಾನ ಬಹಳ ಸೊಗಸಾದದ್ದು, ಕಲಾರಸಿಕರ ಬಾಯಲ್ಲಿ ಬರುವಂಥದ್ದು: ‘ಸಂಗೀತ ಉಳಿಯಿತಲ್ಲ, ಹೆಸರು ಯಾರದಾದರೇನು? ಹೂವಿನ ಪರಿಮಳಕ್ಕೆ ಮಾಲಿಯ ಹೆಸರು ಬೇಕೇ?’ ಈ ತತ್ತ್ವವನ್ನು ಹೇಳುವವರಲ್ಲಿ ತಮ್ಮ ಪುಸ್ತಕದ ಮುಖಪುಟದಿಂದ ತಮ್ಮ ಹೆಸರನ್ನು ಕಿತ್ತುಹಾಕಿದವರನ್ನು ನಾವು ಇನ್ನೂ ನೋಡಿಲ್ಲ. ಹೆಸರು ಬೇಡವೆನ್ನುವ ವೈರಾಗ್ಯವನ್ನು ಯಾವಾಗಲೂ ಹೆಸರಿದ್ದವರು ಹೆಸರಿಲ್ಲದವರಿಗೆ ಉಪದೇಶಿಸುತ್ತಾರೆ.

ಹೆಸರಿಗೆ ಎಷ್ಟು ಬೆಲೆ ಎಂಬುದು ಬೇರೆಲ್ಲರಿಗಿಂತ ಮೆಂಡೆಲ್ಸನ್ ಮನೆಯವರಿಗೇ ಚೆನ್ನಾಗಿ ಗೊತ್ತಿತ್ತು. ಅದು ಯಹೂದಿ ಮನೆತನ. ಅಜ್ಜ ಮೋಸೆಸ್ ಮೆಂಡೆಲ್ಸನ್ ಯುರೋಪಿಗೆಲ್ಲ ಹೆಸರಾದ ದಾರ್ಶನಿಕ. ಅಬ್ರಹಾಂ 1816ರಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದ, 1822ರಲ್ಲಿ ತಾನೂ ಹೆಂಡತಿಯೂ ಪಡೆದರು. ಮನೆತನದ ಹೆಸರಿಗೆ ‘ಬಾರ್ತೋಲ್ಡಿ’ ಎಂದು ಸೇರಿಸಿದ. 1829ರಲ್ಲಿ ಮಗ ಲಂಡನ್ನಿನಲ್ಲಿ ಬರಿಯ ಮೆಂಡೆಲ್ಸನ್ ಆಗಿ ಕಾಣಿಸಿಕೊಂಡಾಗ ತಂದೆ ಸಿಟ್ಟಾಗಿ ಪತ್ರ ಬರೆದ: ಆ ಹಳೆಯ ಹೆಸರಿರುವ ತನಕ ಲೋಕ ನಿನ್ನನ್ನು ಯಹೂದಿಯೆಂದೇ ನೋಡುತ್ತದೆ. ಆಗ ಫ್ಯಾನಿ ತಮ್ಮನಿಗೆ, ಆ ಬಾರ್ತೋಲ್ಡಿ ಹೆಸರು ನಮಗಾರಿಗೂ ಇಷ್ಟವಿಲ್ಲ, ನಿನ್ನ ಮನಸ್ಸು ನನಗೆ ತಿಳಿಯುತ್ತದೆ ಎಂದು ಸಮಾಧಾನ ಬರೆದಳು. ತಮ್ಮನ ಹೆಸರಿನ ಪರವಾಗಿ ನಿಂತವಳು ಅಕ್ಕ. ಆಕೆಯ ಹೆಸರಿನ ಪರವಾಗಿ ಹಾಗೆ ಯಾರು ನಿಂತರು?

ತಂದೆಯ ಹೆದರಿಕೆ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. 1850ರಲ್ಲಿ ರಿಚರ್ಡ್ ವಾಗ್ನರ್ ಸಂಗೀತದಲ್ಲಿ ಯಹೂದಿಗಳ ಬಗ್ಗೆ ದ್ವೇಷದ ಪ್ರಬಂಧವೊಂದನ್ನು ಬರೆದು, ಸತ್ತು ಮೂರು ವರ್ಷವಾಗಿದ್ದ ಫೆಲಿಕ್ಸನನ್ನೂ ಬಿಡದೆ ಹಳಿದ. ಆಗ ತನ್ನ ಹೆಸರು ಹಾಕದೆ ಸುಳ್ಳು ಹೆಸರಿನಲ್ಲಿ ಬರೆದ. ನಾತ್ಸಿಗಳ ಕಾಲದಲ್ಲಿ, 1936ರ ನವೆಂಬರಿನಲ್ಲಿ, ಲೈಪ್‌ಜಿಗ್ ನಗರದಲ್ಲಿದ್ದ ಫೆಲಿಕ್ಸನ ಪ್ರತಿಮೆಯನ್ನು ಕಿತ್ತುಹಾಕಲಾಯಿತು. ಅದರ ಪ್ರತಿರೂಪ ಮತ್ತೆ ನಿಂತದ್ದು 2008ರಲ್ಲಿ. ಆಗ ಯಾರಾದರೂ, ‘ಸಂಗೀತ ಉಳಿದಿದೆಯಲ್ಲ, ಫೆಲಿಕ್ಸನ ಹೆಸರು ಹೋದರೇನು?’ ಎಂದಿದ್ದರೆ ನಾವು ಒಪ್ಪುತ್ತಿದ್ದೆವೇ? ಒಪ್ಪುವುದು ಸಾಧ್ಯವಿಲ್ಲ. ಒಂದು ಸಮುದಾಯದವನೆಂಬ ಕಾರಣಕ್ಕೆ ಒಬ್ಬನ ಹೆಸರು ಅಳಿಸುವುದು ಅನ್ಯಾಯವೆಂದು ಗೊತ್ತಿರುವ ನಮಗೆ, ಹೆಣ್ಣೆಂಬ ಕಾರಣಕ್ಕೆ ಅದೇ ಮನೆಯ ಇನ್ನೊಂದು ಹೆಸರನ್ನು ಅಳಿಸುವುದು ಮಾತ್ರ ‘ಆ ಕಾಲದ ಪದ್ಧತಿ’ ಎನಿಸುವುದೇಕೆ? ಅಳಿಸುವ ಕೈ ಬೇರೆ ಇರಬಹುದು, ಕಾರಣ ಬೇರೆ ಇರಬಹುದು. ಹಾಳೆಯ ಮೇಲೆ ಉಳಿಯುವ ಖಾಲಿ ಜಾಗ ಒಂದೇ.

ನಾಲ್ಕನೆಯದು: ‘ನಿಜವಾದ ಪ್ರತಿಭೆ ಇದ್ದರೆ ಹೇಗಾದರೂ ಹೊರಬಂದೇ ಬರುತ್ತದೆ.’ ಬೂದಿ ಮುಚ್ಚಿದ ಕೆಂಡದ ಗಾದೆಮಾತನ್ನು ಇದಕ್ಕೆ ಬೆಂಬಲವಾಗಿ ಹೇಳುವವರಿದ್ದಾರೆ. ಹೊರಬಂದದ್ದನ್ನು ಮಾತ್ರ ಎಣಿಸಿ ಎಲ್ಲವೂ ಹೊರಬರುತ್ತದೆ ಎನ್ನುವುದು ಎಂಥ ಲೆಕ್ಕ? ಬಾರದೇ ಉಳಿದದ್ದನ್ನು ಯಾರು ಎಣಿಸಿದರು? ಫ್ಯಾನಿ ಬರೆದದ್ದು 450ಕ್ಕೂ ಹೆಚ್ಚು ರಚನೆಗಳು. ಆಕೆ ಬದುಕಿದ್ದಾಗ ಅವುಗಳಲ್ಲಿ ಅಚ್ಚಾದದ್ದು ಸಣ್ಣ ಪಾಲು, ಅದೂ ಹೆಚ್ಚಾಗಿ ಕೊನೆಯ ಒಂದು ವರ್ಷದಲ್ಲಿ.

ಆಕೆಯ ‘ವರ್ಷ’ ಎಂಬ ಪಿಯಾನೋ ಕೃತಿಯನ್ನೇ ನೋಡಿ. 1839-40ರಲ್ಲಿ ಗಂಡ ಮತ್ತು ಮಗನ ಜೊತೆ ಇಟಲಿ ಸುತ್ತಿ ಬಂದ ಮೇಲೆ 1841ರಲ್ಲಿ ಬರೆದದ್ದು. ಹನ್ನೆರಡು ತಿಂಗಳಿಗೆ ಹನ್ನೆರಡು ತುಣುಕುಗಳು, ಕೊನೆಗೊಂದು ಸಮಾಪ್ತಿ. ಫೆಬ್ರವರಿಯಲ್ಲಿ ರೋಮ್ ನಗರದ ಕಾರ್ನಿವಲ್ ಸಂಭ್ರಮ ಕುಣಿಯುತ್ತದೆ. ಮಾರ್ಚ್‌ನಲ್ಲಿ ಈಸ್ಟರ್ ಹಬ್ಬದ ಪ್ರಾರ್ಥನಾಗೀತೆ ಇದೆ, ಡಿಸೆಂಬರಿನಲ್ಲಿ ಹಿಮ ಸುರಿದು ಕ್ರಿಸ್‌ಮಸ್ ಗೀತೆಯಲ್ಲಿ ನಿಲ್ಲುತ್ತದೆ. ಇದರ ಶುದ್ಧಪ್ರತಿಯನ್ನು ಆಕೆ ಬಣ್ಣಬಣ್ಣದ ಹಾಳೆಗಳ ಮೇಲೆ ಬರೆದಳು. ಪ್ರತಿ ತಿಂಗಳಿಗೂ ವಿಲ್ಹೆಲ್ಮ್ ಪುಟ್ಟ ಚಿತ್ರ ಬರೆದುಕೊಟ್ಟ. ಗಂಡಹೆಂಡಿರು ಕೂಡಿ ಮಾಡಿದ ಈ ಚೆಲುವಾದ ಕೃತಿ ಅಚ್ಚಾದದ್ದು 1989ರಲ್ಲಿ. 148 ವರ್ಷ ಅದು ಕತ್ತಲೆಯಲ್ಲಿತ್ತು. ಈ ನಡುವೆ ಪಿಯಾನೋ ಕಲಿತ ಎಷ್ಟು ತಲೆಮಾರುಗಳು ಅದನ್ನು ನುಡಿಸದೆಯೇ ಮುಗಿದುಹೋದವು! ‘ಹೆಂಗಸರಲ್ಲಿ ದೊಡ್ಡ ರಚನಕಾರರು ಯಾರಿದ್ದಾರೆ ಹೇಳಿ’ ಎಂದು ಸವಾಲು ಹಾಕುವ ಗಂಡಸರು ಎಷ್ಟು ಮಂದಿ, ಉತ್ತರ ಬರ್ಲಿನ್ನಿನ ಕಪಾಟಿನಲ್ಲಿದೆ ಎಂದು ಅರಿಯದೆ, ಗೆದ್ದೆವೆಂದುಕೊಂಡು ಸತ್ತರು!

ಪ್ರತಿಭೆ ಹೊರಬರಲಿಲ್ಲ. ಹೊರತರಲಾಯಿತು. ಕೈಬರಹ ಹೋಲಿಸಿ, ಪುಟಸಂಖ್ಯೆ ಎಣಿಸಿ, ಕಪಾಟಿನ ಧೂಳು ಕುಡಿದ ಕೆಲವರು ಅದನ್ನು ಹೊರತಂದರು. ಅವರು ಹುಡುಕದೇ ಇದ್ದಿದ್ದರೆ ಈಸ್ಟರ್ ಸೊನಾಟಾ ಇಂದಿಗೂ ಫೆಲಿಕ್ಸನದಾಗಿಯೇ ಇರುತ್ತಿತ್ತು, ನಾವೂ ಅದನ್ನು ಅವನದೆಂದೇ ಮೆಚ್ಚಿಕೊಳ್ಳುತ್ತಿದ್ದೆವು.

ಈಗ ಫ್ಯಾನಿಯ ಪರವಾಗಿರುವವರಿಗೂ ಒಂದು ಮಾತು ಹೇಳದಿದ್ದರೆ ನಮ್ಮ ವಾದ ಅರ್ಧ ಮಾತ್ರ. ಮಾರ್ಚ್ 8 ಬಂದಾಗ ಆಕೆಯ ಹೆಸರು ನೆನಪಾಗುತ್ತದೆ, 9ರಂದು ಮರೆತುಹೋಗುತ್ತದೆ. ಆಕೆಯ ಬಗ್ಗೆ ಬರೆಯುವಾಗ ‘ಮೆಂಡೆಲ್ಸನ್‌ನ ಸೋದರಿ’ ಎಂದು ಪರಿಚಯಿಸದೆ ವಾಕ್ಯ ಮುಂದೆ ಸಾಗುವುದಿಲ್ಲ. ಆಕೆಯ ಮೇಲೆ ಕಣ್ಣೀರಿಡಲು ಸಿದ್ಧರಿರುವವರು ಬಹಳ, ಆಕೆಯನ್ನು ಕೇಳಲು ಸಿದ್ಧರಿರುವವರು ಕಡಿಮೆ. ಅಪ್ಪ ಆಕೆಯ ಸಂಗೀತವನ್ನು ಅಲಂಕಾರವೆಂದ. ನಾವು ಆಕೆಯ ನೋವನ್ನು ಅಲಂಕಾರ ಮಾಡಿಕೊಂಡರೆ ಅವನಿಗೂ ನಮಗೂ ಏನು ವ್ಯತ್ಯಾಸ? ಆಕೆಗೆ ಬೇಕಿದ್ದದ್ದು ನಮ್ಮ ಅನುಕಂಪವಲ್ಲ. ತಾನು ಬರೆದದ್ದನ್ನು ಯಾರೂ ಕೇಳುವವರಿಲ್ಲ, ವಿಮರ್ಶಿಸುವವರಿಲ್ಲ, ಹೀಗಾದರೆ ಬರೆಯುವ ಆಸೆಯೇ ಬತ್ತಿಹೋಗುತ್ತದೆ ಎಂದು 1836ರಲ್ಲಿಯೇ ಆಕೆ ಸ್ನೇಹಿತನೊಬ್ಬನಿಗೆ ತೋಡಿಕೊಂಡಿದ್ದಳು. ಕೇಳುವ ಕಿವಿ, ತೂಗುವ ಮನಸ್ಸು. ಆಕೆ ಬಯಸಿದ್ದು ಅದು. ಇಷ್ಟವಾಗದ ಭಾಗವಿದ್ದರೆ ಇಷ್ಟವಾಗಲಿಲ್ಲ ಎನ್ನುವುದೂ ಆಕೆಗೆ ಸಲ್ಲುವ ಗೌರವವೇ.

ಇಷ್ಟು ಬರೆದ ಮೇಲೆ ನಮ್ಮ ಕಡೆಗೂ ಬೆರಳು ತಿರುಗಿಸಿಕೊಳ್ಳಬೇಕು. ಕಥೆ ಬರೆದು ಅಷ್ಟಿಷ್ಟು ಹೆಸರು ಮಾಡಿಕೊಂಡವರು ನಾವು. ನಮ್ಮ ಮೊದಮೊದಲ ಕಥೆಗಳಲ್ಲೊಂದು ನಮ್ಮ ಖಾಲಾ ಹೇಳಿದ್ದು. ಅಕ್ಕಿ ಆರಿಸುತ್ತಾ ಹೇಳಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದೂ ಅವರದೇ. ಕನ್ನಡ ಮಾಡಿದ್ದಷ್ಟೇ ನಮ್ಮ ಕೆಲಸ. ಪತ್ರಿಕೆ ಬಂದಾಗ ಓದಿ ಹೇಳಿದೆವು. ಕೇಳಿ ಮುಗಿಸಿ, ‘ಇದರಲ್ಲಿ ನನ್ನ ಹೆಸರು ಎಲ್ಲಿ ಬರುತ್ತೆ ಬೇಟಾ?’ ಎಂದರು. ತಮಾಷೆಗೆ ಕೇಳಿದರೆಂದುಕೊಂಡು ನಕ್ಕೆವು. ಅವರೂ ನಕ್ಕರು. ಖಾಲಾ ಈಗಿಲ್ಲ. ಆ ನಗುವಿನ ಅರ್ಥ ನಮಗೆ ತಿಳಿಯಲು ಬರ್ಲಿನ್ನಿನ ಒಂದು ಹೆಣ್ಣು ಬೇಕಾಯಿತು. ಆ ಕಥೆ ಮುಂದೆ ಎಲ್ಲಿ ಅಚ್ಚಾದರೂ ಯಾರು ಹೇಳಿದ್ದೆಂದು ಮೊದಲ ಸಾಲಿನಲ್ಲೇ ಬರೆಯುತ್ತೇವೆ. ತಡವಾಯಿತೆಂಬುದು ಬರೆಯದಿರಲು ಕಾರಣವಲ್ಲ.

ಫೆಲಿಕ್ಸನಿಂದ ನಾವೇನನ್ನೂ ಕಿತ್ತುಕೊಳ್ಳುತ್ತಿಲ್ಲ. ಅವನ ಸಂಗೀತ ಅವನಿಗಿರಲಿ, ಅದು ಬಹಳ ದೊಡ್ಡದು. ಅವನದಲ್ಲದ್ದನ್ನು ಅವನ ಲೆಕ್ಕದಿಂದ ತೆಗೆದರೆ ಅವನು ಸಣ್ಣವನಾಗುವುದಿಲ್ಲ. ಕೇಳುವುದು ಇಷ್ಟೇ: ಇನ್ನು ಮುಂದೆ ಎಲ್ಲಿಯಾದರೂ ಹಳೆಯ ಹಾಳೆಯೊಂದರ ಮೇಲೆ ಅರ್ಧ ಹೆಸರು ಕಂಡರೆ, ಬರೆದವನು ಯಾರು ಎಂದು ಕೇಳುವ ಮುನ್ನ, ಬರೆದವಳು ಇರಬಹುದೇ ಎಂದು ಒಮ್ಮೆ ಕೇಳಿ. ಆ ಮನೆಯಲ್ಲಿ ‘ಎಫ್’ ಇಬ್ಬರಿದ್ದರು.